‘ಇನ್ಫೋ ಕಳಿಸಿ’ ಅಂದರೆ ಏನು ಕಳಿಸಬೇಕು?

ನಮಸ್ಕಾರ. ಮನೆ ಬಾಡಿಗೆಗೆ ಕೇಳಿದವರು ‘ಇನ್ಫೋ ಕಳಿಸಿ’ ಅಂದಿದ್ದಾರೆ, ಏನು ಕಳಿಸಲಿ ಅಂತ ಕೇಳಿದ್ದೀರಿ. ಇನ್ಫೋ ಅಂದರೆ ಇಂಗ್ಲಿಷಿನ ‘ಇನ್ಫರ್ಮೇಶನ್’ ಪದದ ಮೊದಲ ತುಂಡು, ನಮ್ಮ ‘ಮಾಹಿತಿ’. ಆದರೆ ಆಡುಮಾತಿನಲ್ಲಿ ಹಾಗಂದಾಗ ಉದ್ದದ ವಿವರಣೆ ಯಾರಿಗೂ ಬೇಕಿರುವುದಿಲ್ಲ, ಕೆಲಸಕ್ಕೆ ಬರುವಷ್ಟು ವಿವರ ಸಾಕು. ನಿಮ್ಮ ವಿಷಯದಲ್ಲಿ ಬಾಡಿಗೆ, ಅಡ್ವಾನ್ಸ್ ಎಷ್ಟು, ಯಾವ ಮಹಡಿ, ನೀರು ಹೇಗೆ, ಯಾವಾಗ ಖಾಲಿಯಾಗುತ್ತದೆ, ಇಷ್ಟು ಬರೆದು ಎರಡು ಫೋಟೋ ಹಾಕಿ. ಆಧಾರ್ ನಂಬರ್, ಬ್ಯಾಂಕ್ ವಿವರ ಮಾತ್ರ ದಯವಿಟ್ಟು ಕಳಿಸಬೇಡಿ. ಗುರುತಿಲ್ಲದವರು ‘ಇನ್ಫೋ’ ಹೆಸರಿನಲ್ಲಿ ಅದನ್ನು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಬರೆಯುವಾಗ ‘ಇನ್ಫೋಸ್’ ಅನ್ನಬೇಡಿ, ಅಲ್ಲಿ ಅದಕ್ಕೆ ಬಹುವಚನವಿಲ್ಲ. ಆದರೆ ಜರ್ಮನ್ನರು ತಮ್ಮ ಭಾಷೆಯಲ್ಲಿ ಧಾರಾಳವಾಗಿ ಹಾಗೆ ಹೇಳುತ್ತಾರೆ. ಗೆಳೆಯರಿಗೆ ‘ಸ್ವಲ್ಪ ಇನ್ಫೋ ಬೇಕಿತ್ತು’ ಅಂದರೆ ಚೆನ್ನ. ಕಚೇರಿಗೆ ಅರ್ಜಿ ಬರೆಯುವಾಗ ‘ಮಾಹಿತಿ’ ಎಂದೇ ಬರೆಯಿರಿ. 2005ರ ಕಾಯ್ದೆಯನ್ನೂ ನಾವು ಕರೆಯುವುದು ಮಾಹಿತಿ ಹಕ್ಕು ಎಂದೇ ಅಲ್ಲವೇ? ನನಗಂತೂ ಆ ಪದವೇ ಇಷ್ಟ.