ಕೆಂಪು ಪೆನ್ನಿನ ಮನೆಲೆಕ್ಕ

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಒಂದು ಮನೆಯ ಕತೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹಣದ ಮೊತ್ತವನ್ನು ಎಲ್ಲೂ ಹೇಳುವುದಿಲ್ಲ. ಆ ಮನೆಯ ವರ್ಷದ ಆದಾಯವನ್ನು 100 ಪಾಲು ಅಂದುಕೊಳ್ಳೋಣ. ಓದುವವರು ತಮ್ಮ ಮನೆಯ ಲೆಕ್ಕಕ್ಕೆ ಹೋಲಿಸಿ ನೋಡಲೂ ಅದೇ ಸುಲಭ.

ದೂರು ಬಂದದ್ದು 12 ವರ್ಷದ ಹುಡುಗಿಯ ಮೇಲೆ. ಶಾಲೆಯ ಪ್ರವಾಸದ ಚೀಟಿಗೆ ಅಮ್ಮನ ಸಹಿಯನ್ನು ತಾನೇ ಹಾಕಿಬಿಟ್ಟಿದ್ದಳು. ಸಹಿ ನಕಲು ಮಾಡುವ ಮಕ್ಕಳು ನಮಗೆ ಹೊಸಬರಲ್ಲ. ಕಡಿಮೆ ಅಂಕ ಮುಚ್ಚಿಡಲೋ, ರಜೆ ಹಾಕಲೋ ಹಾಗೆ ಮಾಡುತ್ತಾರೆ. ಈ ಹುಡುಗಿ ಮಾತ್ರ ಚೀಟಿಯಲ್ಲಿ ‘ಮಗಳನ್ನು ಕಳಿಸಲು ಆಗುವುದಿಲ್ಲ’ ಎಂದು ಬರೆದು ಸಹಿ ಹಾಕಿದ್ದಳು.

ಮೊದಲು ತಾಯಿ ಒಬ್ಬರೇ ಬಂದರು. “ಕೇಳಿದ್ರೆ ನಾವು ಇಲ್ಲ ಅಂತಿದ್ವೋ ಏನೋ ಮೇಡಂ. ಆದ್ರೆ ಅವಳು ಕೇಳ್ಲೇ ಇಲ್ವಲ್ಲ” ಅಂದರು. ಹೇಳುವಾಗ ಎಡಗೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡೇ ಇದ್ದರು. ಹಲ್ಲುನೋವಂತೆ. ಎಷ್ಟು ದಿನದಿಂದ ಅಂದರೆ ಉತ್ತರ ಹಾರಿಸಿದರು. ಬಲಗಡೆ ಅಗಿದರೆ ತೊಂದರೆ ಇಲ್ಲವಂತೆ.

ಮನೆಯಲ್ಲಿ ಮೂವರು. ಮೂರು ವರ್ಷದ ಹಿಂದೆ ಗಂಡನ ಕೆಲಸ ಹೋಯಿತು. ಕೆಲವು ತಿಂಗಳು ಖಾಲಿ ಕೂತು, ಆಮೇಲೆ ಸಿಕ್ಕಿದ ಕೆಲಸದಲ್ಲಿ ಸಂಬಳ ತುಂಬಾ ಕಡಿಮೆ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಎರಡೂ ಸೇರಿದರೆ ಹೊಟ್ಟೆಗೆ, ಬಾಡಿಗೆಗೆ, ಸಾಲದ ಕಂತಿಗೆ ಸಾಲುತ್ತದೆ, ಅಷ್ಟೇ. ಗಂಡ ಆಗಲೇ ಕೂತು ವರ್ಷಕ್ಕೆ ಇಷ್ಟೇ ಅಂತ ಒಂದು ಮಿತಿ ಹಾಕಿದರು, ಮೂರು ವರ್ಷವೂ ದಾಟಲಿಲ್ಲ. ಇದು ಸಣ್ಣ ಸಾಧನೆಯಲ್ಲ. ಅದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಯಾಕೆಂದರೆ ಮುಂದಿನ ಬಾರಿ ಹೆಂಡತಿಯ ಜೊತೆ ಬಂದವರು ಬೈಸಿಕೊಳ್ಳಲು ತಯಾರಾಗಿಯೇ ಬಂದ ಹಾಗಿತ್ತು.

ಲೆಕ್ಕದ ಪುಸ್ತಕ ತಂದಿದ್ದರು. ನಾನು ಕೇಳಿರಲಿಲ್ಲ. ಪೆನ್ಸಿಲ್‌ನಲ್ಲಿ ಗೆರೆ ಎಳೆದು ಮಾಡಿದ ಕಾಲಂಗಳು: ದಿನ, ಬಾಬತ್ತು, ಯಾರು ಖರ್ಚು ಮಾಡಿದ್ದು, ಮೊತ್ತ. ಕೊನೆಗೊಂದು ಅಗಲ ಕಾಲಂ. ಅದರಲ್ಲಿ ಅಲ್ಲಲ್ಲಿ ಕೆಂಪು ಪೆನ್ನಿನಲ್ಲಿ ‘ತಪ್ಪಿಸಬಹುದಿತ್ತು’ ಅಂತ ಬರೆದಿತ್ತು. ಕೂದಲ ಕ್ಲಿಪ್ಪು: ತಪ್ಪಿಸಬಹುದಿತ್ತು. ಗೆಳತಿಯ ಹುಟ್ಟುಹಬ್ಬಕ್ಕೆ ಪೆನ್ನು: ತಪ್ಪಿಸಬಹುದಿತ್ತು. ನೋವಿನ ಮಾತ್ರೆ: ಇಲ್ಲಿ ಒಂದು ಪ್ರಶ್ನೆಚಿಹ್ನೆ. ಪುಟ ತಿರುಗಿಸಿದ ಹಾಗೆ ಇನ್ನೊಂದು ಕಾಣಿಸಿತು. ‘ಯಾರು’ ಎಂಬ ಕಾಲಂನಲ್ಲಿ ಅವರ ಹೆಸರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಚಹಾ ಬಿಟ್ಟಿದ್ದರು, ಕೆಲಸಕ್ಕೆ ನಡೆದೇ ಹೋಗುತ್ತಿದ್ದರು, ಚಪ್ಪಲಿಗೆ ಎರಡು ಸಲ ಅಟ್ಟೆ ಹಾಕಿಸಿದ್ದರು. ತನ್ನದನ್ನೆಲ್ಲ ಮೊದಲೇ ಕತ್ತರಿಸಿಕೊಂಡವನಿಗೆ ಬೇರೆಯವರ ಕ್ಲಿಪ್ಪು ಕಣ್ಣಿಗೆ ಚುಚ್ಚುತ್ತದೆ, ಅಲ್ವಾ?

ಆ ಪುಸ್ತಕವನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ ಅಂತ ಕೇಳಿದೆ. ಊಟದ ಮೇಜಿನ ಮೇಲಂತೆ. ಮಗಳು ಓದಿಕೊಳ್ಳುವುದೂ ಅದೇ ಮೇಜಿನಲ್ಲಿ.

ಮಗಳ ಜೊತೆ ಬೇರೆಯಾಗಿ ಮಾತಾಡಿದೆ. ಅವಳ ಮಾತನ್ನು ಅವಳ ಒಪ್ಪಿಗೆ ಪಡೆದೇ ಅಪ್ಪ ಅಮ್ಮನಿಗೆ ಹೇಳಿದ್ದು. “ಕೇಳಿದ್ರೆ ಅಮ್ಮ ಅಪ್ಪನ್ನ ಕೇಳ್ತಾಳೆ, ಅಪ್ಪ ಸುಮ್ನೆ ಪುಸ್ತಕ ತೆಗೀತಾರೆ, ಆಮೇಲೆ ಇಬ್ರೂ ಮಾತಾಡಲ್ಲ. ಅದಕ್ಕೇ ನಾನೇ ಬೇಡ ಅಂತ ಬರ್ದೆ.” ಸಹಿ ನಕಲು ಮಾಡಿದ್ದು ತಪ್ಪು ಅಂತ ಅವಳಿಗೂ ಗೊತ್ತಿತ್ತು. ಶಾಲೆಯಲ್ಲಿ ಕ್ಷಮೆ ಕೇಳಿದ್ದಾಳೆ, ಅಲ್ಲಿಗೆ ಆ ವಿಷಯ ಮುಗಿಯಿತು. ನನ್ನನ್ನು ತಡೆದು ನಿಲ್ಲಿಸಿದ್ದು ಅವಳ ಇನ್ನೊಂದು ಪ್ರಶ್ನೆ: “ನಮ್ ಮನೇಲಿ ದುಡ್ಡು ಪೂರ್ತಿ ಖಾಲಿ ಆಗತ್ತಾ?” ಮೂರು ವರ್ಷದಿಂದ ಮನೆಯಲ್ಲಿ ಇದೊಂದೇ ಮಾತು. ಆದರೂ ಎಷ್ಟಿದೆ, ಎಷ್ಟು ಬೇಕು ಅನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಇಷ್ಟು ತಿಳಿದ ಮೇಲೆ ನನಗೆ ಕಂಡದ್ದು ಇಷ್ಟು. ಈ ಮನೆಯವರಿಗೆ ಉಳಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಲೆಕ್ಕ ಪೂರ್ತಿ ಒಬ್ಬರ ಕೈಯಲ್ಲಿದೆ, ಉಳಿದಿಬ್ಬರು ಅದಕ್ಕೆ ಹೆದರಿ ಮುಚ್ಚಿಡುತ್ತಿದ್ದಾರೆ. ಹೆಂಡತಿ ಹಲ್ಲುನೋವು ಮುಚ್ಚಿಟ್ಟರು, ಮಗಳು ಆಸೆ ಮುಚ್ಚಿಟ್ಟಳು. ಗಂಡನೂ ಒಂದು ಮುಚ್ಚಿಟ್ಟಿದ್ದರು, ಅದು ಆಮೇಲೆ ಗೊತ್ತಾಯಿತು.

ಮೊದಲ ಸಲಹೆ ಚಿಕ್ಕದು: ಒಂದು ತಿಂಗಳು ಕೆಂಪು ಪೆನ್ನು ಮುಟ್ಟಬೇಡಿ. ಖರ್ಚು ಬರೆಯಿರಿ, ತೀರ್ಪು ಬರೆಯಬೇಡಿ. “ಹಾಗಾದ್ರೆ ಕೈ ಬಿಟ್ಟು ಹೋಗತ್ತೆ ಮೇಡಂ” ಅಂದರು. ಹೋದರೆ ಎಷ್ಟು ಹೋಗುತ್ತದೆ, ನೋಡೋಣ ಅಂತ ಮೂವರೂ ಕೂತು ಹಳೆಯ ಒಂದು ವರ್ಷದ ಪುಟಗಳನ್ನು ಕೂಡಿದೆವು. ನಾನು ಹಣಕಾಸಿನ ತಜ್ಞೆ ಅಲ್ಲ. ಆದರೆ ಮನೆಜಗಳದಲ್ಲಿ ದುಡ್ಡಿನ ಮಾತು ಬಂದಾಗ ಮೊತ್ತ ನೋಡದೆ ಭಾವನೆ ಮಾತ್ರ ಮಾತಾಡಿ ಪ್ರಯೋಜನವಿಲ್ಲ.

ಆದಾಯದ 100 ಪಾಲಿನಲ್ಲಿ ಊಟಕ್ಕೆ 35, ಬಾಡಿಗೆಗೆ 30, ಸಾಲಕ್ಕೆ 13, ಶಾಲೆಗೆ 6, ಓಡಾಟಕ್ಕೆ 5, ಕರೆಂಟು-ಗ್ಯಾಸು-ಫೋನಿಗೆ 5. ಬಟ್ಟೆ, ರಿಪೇರಿ, ಉಡುಗೊರೆ, ವಿಮೆ ಎಲ್ಲ ಸೇರಿ 5. ಔಷಧಿಗೆ 1. ಊಟದ ಪಾಲು ಕಂಡು ಗಂಡನ ಮುಖ ಸಣ್ಣದಾಯಿತು. ಅದಕ್ಕೆ ಅವರು ನಾಚಬೇಕಾಗಿಲ್ಲ. ಆದಾಯ ಕಡಿಮೆಯಾದಷ್ಟೂ ಊಟಕ್ಕೆ ಹೋಗುವ ಪಾಲು ಹೆಚ್ಚುತ್ತದೆ ಅಂತ ಜರ್ಮನಿಯ ಅರ್ನ್ಸ್ಟ್ ಏಂಗೆಲ್ ಎಂಬ ಅಂಕಿಅಂಶ ತಜ್ಞ 1857ರಲ್ಲೇ ತೋರಿಸಿದ್ದಾರೆ.

ಇನ್ನು ಕೆಂಪು ಪೆನ್ನಿನವು. ವರ್ಷಪೂರ್ತಿ ‘ತಪ್ಪಿಸಬಹುದಿತ್ತು’ ಅಂದದ್ದೆಲ್ಲ ಕೂಡಿದರೆ 2 ಪಾಲೂ ಆಗಲಿಲ್ಲ. ಇಡೀ ಮನೆಯ ಮಾತು ನಿಂತದ್ದು ಅಷ್ಟಕ್ಕಾಗಿ. ಅವರು ಎರಡು ಸಲ ಕೂಡಿ ನೋಡಿದರು.

ಸೋರುತ್ತಿದ್ದದ್ದು ಬೇರೆ ಕಡೆ. ಸಾಲ ಎರಡಿತ್ತು. ದೊಡ್ಡದಕ್ಕೆ ವರ್ಷಕ್ಕೆ ನೂರಕ್ಕೆ 11ರ ಬಡ್ಡಿ. ಚಿಕ್ಕದು ಪರಿಚಯದವರ ಹತ್ತಿರ ತಂದದ್ದು, ತಿಂಗಳಿಗೆ ನೂರಕ್ಕೆ 3. ಹೆಂಡತಿಗೆ ಈ ಎರಡನೆಯದು ಗೊತ್ತೇ ಇರಲಿಲ್ಲ. ಅವರು ಮುಚ್ಚಿಟ್ಟದ್ದು ಇದನ್ನೇ. ಆ ಕ್ಷಣದ ಮೌನವನ್ನು ಬಿಡಿಸಿ ಹೇಳುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಕೆ ಕೇಳಿದ್ದು ಒಂದೇ ಮಾತು: “ಕ್ಲಿಪ್ಪಿಗೆ ಕೆಂಪು ಹಾಕ್ತಿದ್ರಿ. ಇದಕ್ಕೆ ಯಾವ ಬಣ್ಣ?”

ತಿಂಗಳಿಗೆ 3 ಅಂದರೆ ಕೇಳಲು ಚಿಕ್ಕದು. ವರ್ಷಕ್ಕೆ 36 ಆಗುತ್ತದೆ. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತ ಹೋದರೆ 42 ದಾಟುತ್ತದೆ. ಇವರು ಕೈಯಲ್ಲಿ ಅಷ್ಟಿಷ್ಟು ಉಳಿದಾಗಲೆಲ್ಲ ದೊಡ್ಡ ಸಾಲಕ್ಕೆ ಹೆಚ್ಚುವರಿ ಕಟ್ಟುತ್ತಿದ್ದರು, ಅದರ ಮೊತ್ತವೇ ಹೆದರಿಸುತ್ತಿತ್ತು ಅಂತ. ಹೇಳಿದ್ದು ಇಷ್ಟೇ: ದೊಡ್ಡದಕ್ಕೆ ಕಂತು ಮಾತ್ರ ಕಟ್ಟಿ, ತಪ್ಪಿಸಬೇಡಿ. ಉಳಿದ ಪ್ರತಿ ಬಿಡಿಗಾಸೂ ಚಿಕ್ಕದಕ್ಕೆ ಹೋಗಲಿ.

ಈ ಚಿಕ್ಕ ಸಾಲ ಬೆಳೆದ ಬಗೆಯನ್ನೂ ಹೇಳಬೇಕು. ಉಳಿತಾಯದಲ್ಲಿ ಪಳಗಿದವರೇ ಇದರಲ್ಲಿ ಬೀಳುತ್ತಾರೆ. ರಿಯಾಯಿತಿ ಇದ್ದಾಗ ಆರು ತಿಂಗಳ ಸಾಮಾನು ಒಟ್ಟಿಗೆ ತರುತ್ತಿದ್ದರು. ನೂರಕ್ಕೆ 5 ಉಳಿಯಿತು ಅಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ತಿಂಗಳ ಕೊನೆಗೆ ಕೈ ಖಾಲಿ, ಆಗ ಅದೇ ಪರಿಚಯದವರ ಹತ್ತಿರ ಮತ್ತೆ ಸ್ವಲ್ಪ ಸಾಲ. ಎರಡು ತಿಂಗಳು ತೀರಿಸಲಾಗದಿದ್ದರೆ ಬಡ್ಡಿಯೇ 6. ಸಗಟು ಖರೀದಿ ಒಳ್ಳೆಯದೇ, ಆದರೆ ಮಿಗುವ ದುಡ್ಡಿನಲ್ಲಿ ಮಾತ್ರ.

ಯಾಕೆ ಕೈ ಖಾಲಿಯಾಗುತ್ತಿತ್ತು ಅನ್ನುವುದಕ್ಕೆ ಇನ್ನೊಂದು ಕಾರಣವಿತ್ತು. ಶಾಲೆಯ ಫೀಸು, ವಿಮೆಯ ಕಂತು, ಸಮವಸ್ತ್ರ, ರಿಪೇರಿ ಇವೆಲ್ಲ ಪುಸ್ತಕದಲ್ಲಿ ‘ತುರ್ತು’ ಅಂತ ಇದ್ದವು. ಮೂರು ವರ್ಷವೂ ಅದೇ ತಿಂಗಳುಗಳಲ್ಲಿ ಬಂದಿದ್ದವು! ಒಂದು ಹಾಳೆಯಲ್ಲಿ ಹನ್ನೆರಡು ಮನೆ ಎಳೆದು, ಯಾವ ತಿಂಗಳು ಏನು ಬರುತ್ತದೆ ಅಂತ ಹೆಂಡತಿಯ ಕೈಯಲ್ಲಿ ಬರೆಸಿದೆ. ಶಾಲೆ, ಬಟ್ಟೆ-ರಿಪೇರಿ-ವಿಮೆ, ಔಷಧಿ ಎಲ್ಲ ಸೇರಿ 12 ಪಾಲು. ಅಂದರೆ ತಿಂಗಳಿಗೆ 1. ತಿಂಗಳಿಗೆ ಬರುವುದು 8ಕ್ಕಿಂತ ಸ್ವಲ್ಪ ಜಾಸ್ತಿ ಪಾಲು. ಅದರಲ್ಲಿ ಈ ಒಂದನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಆ ಖಾತೆ ಹೆಂಡತಿಯ ಕೈಯಲ್ಲಿರಲಿ ಅಂದೆ. ಮೊದಲ ಕೆಲವು ತಿಂಗಳು ಎಳೆದಾಟ ಆಗುತ್ತದೆ ಅಂತಲೂ ಹೇಳಿದ್ದೆ, ಹಾಗೇ ಆಯಿತು.

ಹಲ್ಲಿಗೆ ಕಾಯಬೇಡಿ ಅಂತ ಗಟ್ಟಿಯಾಗಿ ಹೇಳಬೇಕಾಯಿತು. ಹುಳುಕು ಚಿಕ್ಕದಿದ್ದಾಗ ತುಂಬಿಸಿದರೆ ಮುಗಿಯುತ್ತದೆ. ನರದವರೆಗೆ ಇಳಿದರೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಖರ್ಚು ಹಲವು ಪಟ್ಟು. ಆಕೆಯದು ಎರಡನೆಯ ಹಂತಕ್ಕೆ ಹೋಗಿಯೇ ಬಿಟ್ಟಿತ್ತು. ಹಲ್ಲು, ಕನ್ನಡಕ, ದಿನಾ ನುಂಗುವ ಮಾತ್ರೆ, ವಿಮೆ ಈ ನಾಲ್ಕಕ್ಕೆ ಕತ್ತರಿ ಹಾಕಬಾರದು ಅಂತ ಅಂದು ಬರೆದುಕೊಟ್ಟೆ.

ಗಂಡನ ಜೊತೆ ಒಬ್ಬರೇ ಇದ್ದಾಗ ಇನ್ನೊಂದು ಮಾತು ಬಂತು. ಕೆಲಸದಲ್ಲಿ ತಪ್ಪುಗಳು ಜಾಸ್ತಿ ಆಗುತ್ತಿವೆ, ಮರೆವು, ಸಿಟ್ಟು. “ನನ್ನ ತಲೆಯೇ ಕೆಟ್ಟಿದೆ ಅನ್ಸತ್ತೆ.” 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವನ್ನು ಅವರಿಗೆ ಹೇಳಿದೆ. ಕಬ್ಬು ಬೆಳೆಯುವ ರೈತರಿಗೆ ಕಟಾವಿಗೆ ಮೊದಲು, ಕೈಯಲ್ಲಿ ಕಾಸಿಲ್ಲದಾಗ, ಯೋಚನೆಯ ಪರೀಕ್ಷೆಗಳನ್ನು ಕೊಟ್ಟರು. ಕಟಾವಾಗಿ ಹಣ ಬಂದ ಮೇಲೆ ಮತ್ತೆ ಕೊಟ್ಟರು. ಅದೇ ರೈತರು ಎರಡನೆಯ ಸಲ ಚೆನ್ನಾಗಿ ಮಾಡಿದರು. ಆ ಅಧ್ಯಯನದ ಲೆಕ್ಕಾಚಾರದ ಬಗ್ಗೆ ಆಮೇಲೆ ತಕರಾರುಗಳೂ ಬಂದಿವೆ. ಆದರೆ ದುಡ್ಡಿನ ಚಿಂತೆ ತಲೆಯೊಳಗೆ ಜಾಗ ತಿನ್ನುತ್ತದೆ ಅನ್ನುವುದನ್ನು ನಾನು ಈ ಕುರ್ಚಿಯಲ್ಲಿ ಕೂತು ಎಷ್ಟೋ ಜನರಲ್ಲಿ ನೋಡಿದ್ದೇನೆ. ಇಡೀ ಲೆಕ್ಕ, ಜೊತೆಗೊಂದು ಗುಟ್ಟಿನ ಸಾಲ, ಎಲ್ಲ ಒಂದೇ ತಲೆಯಲ್ಲಿ ಇದ್ದರೆ ಮರೆವು ಬರದೆ ಇನ್ನೇನು?

ಜಗಳಕ್ಕೆ ಕಾರಣವಾದ ಸಲಹೆ ಒಂದೇ. ಮೂವರಿಗೂ ವರ್ಷಕ್ಕೆ ಅರ್ಧರ್ಧ ಪಾಲು, ಯಾರೂ ಲೆಕ್ಕ ಕೇಳುವಂತಿಲ್ಲ. ಪುಸ್ತಕದಲ್ಲಿ ‘ಸ್ವಂತಕ್ಕೆ’ ಅಂತ ಮಾತ್ರ ಬರೆಯಬೇಕು. “ಸಾಲ ಇಟ್ಕೊಂಡು ಕೈಖರ್ಚಾ?” ಅಂತ ಗಂಡ ಎದ್ದೇ ನಿಂತರು. ಮೂರು ಅರ್ಧ ಸೇರಿದರೂ ಒಂದೂವರೆ, ನೀವು ಕೆಂಪು ಹಾಕಿದ್ದಕ್ಕಿಂತ ಕಡಿಮೆಯೇ ಅಂತ ಲೆಕ್ಕ ತೋರಿಸಿದೆ. ಮುಚ್ಚಿಡುವ ಅಗತ್ಯ ತಪ್ಪಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ನಿಮ್ಮ ಪಾಲನ್ನು ನೀವೂ ಖರ್ಚು ಮಾಡಲೇಬೇಕು ಅಂತ ಷರತ್ತು ಹಾಕಿದೆ. ತನ್ನದನ್ನು ಮತ್ತೆ ಪೆಟ್ಟಿಗೆಗೆ ಹಾಕಿ ತ್ಯಾಗಮೂರ್ತಿ ಆಗುವವರು ಒಂದಲ್ಲ ಒಂದು ದಿನ ಅದರ ಬೆಲೆ ಕೇಳುತ್ತಾರೆ. ಬಹಳ ದಿನ ಮುಟ್ಟಲಿಲ್ಲ. ಕೊನೆಗೆ ಹಳೆ ರೇಡಿಯೋ ರಿಪೇರಿ ಮಾಡಿಸಿದರಂತೆ.

ಮಗಳ ವಿಷಯದಲ್ಲಿ ಇಬ್ಬರಿಗೂ ಹೇಳಿದ್ದು ಹೀಗೆ. ಕೇಳುವ ಕೆಲಸ ಅವಳದು, ಬೇಡ ಅನ್ನುವ ಕೆಲಸ ನಿಮ್ಮದು. ನಿಮ್ಮ ಕೆಲಸವನ್ನು ಅವಳು ಮಾಡಬಾರದು. ‘ದುಡ್ಡಿಲ್ಲ’ ಅಂತ ಪ್ರತಿ ಸಲ ಹೇಳಬೇಡಿ, ಅವಳಿಗೆ ಅದು ನಾಳೆ ಊಟ ಇಲ್ಲ ಅಂತ ಕೇಳಿಸುತ್ತದೆ. ‘ಈ ವರ್ಷ ಇದಕ್ಕೆ ಇಟ್ಟಿಲ್ಲ, ಮುಂದಿನ ವರ್ಷದ ಹಾಳೆಯಲ್ಲಿ ಬರೆಯೋಣ’ ಅನ್ನಿ. ಊಟ, ಬಾಡಿಗೆ, ಶಾಲೆ ಮೂರಕ್ಕೂ ಇದೆ ಅಂತ ಆ ಹನ್ನೆರಡು ಮನೆಯ ಹಾಳೆ ತೋರಿಸಿ ಹೇಳಿ. ಸಾಲದ ಬಡ್ಡಿ ಅವಳಿಗೆ ಬೇಕಾಗಿಲ್ಲ. ಕೆಲವು ತಿಂಗಳ ನಂತರ ತಾಯಿ ಗಾಬರಿಯಿಂದ ಫೋನ್ ಮಾಡಿದರು. ಮಗಳು ಸೈಕಲ್ ಕೇಳಿದಳಂತೆ, ಇವರು ಈ ವರ್ಷ ಆಗಲ್ಲ ಅಂದರಂತೆ, ಅವಳು ಅತ್ತು ಬಾಗಿಲು ಹಾಕಿಕೊಂಡಳಂತೆ. ಒಳ್ಳೆಯ ಸುದ್ದಿ ಅಂದೆ. ಹೆದರುವ ಮಗು ಸೈಕಲ್ ಕೇಳುವುದಿಲ್ಲ, ಸಿಟ್ಟೂ ಮಾಡುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಮನೆಯಲ್ಲಿ ಕಡಿಮೆ ಇತ್ತು, ಆದರೆ ಸಾಲುವಷ್ಟಿತ್ತು. ಅದಕ್ಕೇ ಈ ಸಲಹೆಗಳು ನಡೆದವು. ಹೊಟ್ಟೆಗೇ ಸಾಲದ ಮನೆ ನನ್ನ ಮುಂದೆ ಬಂದರೆ ಖರ್ಚಿನ ಪುಸ್ತಕವನ್ನು ನಾನು ತೆಗೆಯುವುದಿಲ್ಲ. ಅಲ್ಲಿ ಮಾತು ಆದಾಯದ ಬಗ್ಗೆ, ಸಿಗಬಹುದಾದ ನೆರವಿನ ಬಗ್ಗೆ, ಸಾಲ ಕೊಟ್ಟವರ ಹತ್ತಿರ ಕಂತು ಇಳಿಸಿಕೊಳ್ಳುವ ಬಗ್ಗೆ. ಉಪವಾಸ ಇರುವವರಿಗೆ ಉಳಿತಾಯ ಹೇಳಿಕೊಡುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ವರ್ಷ ತುಂಬುವ ಹೊತ್ತಿಗೆ ಚಿಕ್ಕ ಸಾಲ ತೀರಿತು. ಗುಟ್ಟಿನ ಸಾಲದ ನೋವು ಅಷ್ಟು ಬೇಗ ತೀರಲಿಲ್ಲ. ಹೆಂಡತಿ ಆ ಮಾತನ್ನು ಈಗಲೂ ಒಮ್ಮೊಮ್ಮೆ ಎತ್ತುತ್ತಾರೆ, ಗಂಡ ಈಗ ಎದ್ದು ಹೋಗದೆ ಕೂತು ಕೇಳುತ್ತಾರೆ. ಆ ಸಾಲಕ್ಕೆ ಹೋಗುತ್ತಿದ್ದ ಪಾಲನ್ನು ಏನು ಮಾಡುವುದು ಅಂತ ಈಗ ಹೊಸ ವಾದ. ಹೆಂಡತಿಗೆ ಮೋಟಾರಿನ ಹೊಲಿಗೆ ಯಂತ್ರ ಬೇಕು, ಗಂಡನಿಗೆ ದೊಡ್ಡ ಸಾಲಕ್ಕೆ ಕಟ್ಟಬೇಕು. ಮೂರು ತಿಂಗಳ ಖರ್ಚಿನಷ್ಟು ಮೊದಲು ಪಕ್ಕಕ್ಕಿರಲಿ, ಮತ್ತೆ ತಿಂಗಳಿಗೆ 3ರ ಬಡ್ಡಿಗೆ ಹೋಗುವ ಹಾಗಾಗಬಾರದು ಅಂದೆ. ಆಮೇಲೆ ಯಂತ್ರವೋ ಸಾಲವೋ, ಅದನ್ನು ನೀವೇ ಕೂಡಿ ಕಳೆದು ನೋಡಿ, ಇದಕ್ಕೆಲ್ಲ ನನ್ನ ಹತ್ತಿರ ಬರಬೇಕಾಗಿಲ್ಲ ಅಂತ ಹೇಳಿ ಫೈಲು ಮುಚ್ಚಿದೆ.