ಅಜ್ಜಿಗೆ ಏನೂ ನೆನಪಿಲ್ಲವಂತೆ, ಮನೆತನದ ವಿಷಯ ಕೇಳುವುದು ಹೇಗೆ?

ಎಂಬತ್ತು ದಾಟಿದ ಅಜ್ಜಿ ಏನು ಕೇಳಿದರೂ "ನಂಗೇನು ನೆನಪಿದೆ ಮಗಾ" ಅಂತಾರೆ, ಹೇಗೆ ಶುರು ಮಾಡಲಿ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತೊಂದರೆ ಇರುವುದು ಪ್ರಶ್ನೆಯಲ್ಲಿ. "ಯಾವ ಇಸವಿ? ಮುತ್ತಜ್ಜನ ಹೆಸರೇನು?" ಎಂದರೆ ಪರೀಕ್ಷೆಗೆ ಕೂರಿಸಿದ ಹಾಗಾಗುತ್ತದೆ.

ನಾನಾದರೆ ಬಾಣಂತನದಿಂದ ಶುರು ಮಾಡಿ ಅನ್ನುತ್ತೇನೆ. "ನಿಮ್ಮ ಚೊಚ್ಚಲ ಬಾಣಂತನ ಎಲ್ಲಾಯ್ತಜ್ಜಿ? ನಿಮ್ಮಮ್ಮನದು?" ಚೊಚ್ಚಲಿಗೆ ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ ಈ ಒಂದು ಪ್ರಶ್ನೆಗೆ ಹೆಣ್ಣುಮಕ್ಕಳ ಊರು, ಅಲ್ಲಿದ್ದ ಅಣ್ಣತಮ್ಮಂದಿರು, ಸೂಲಗಿತ್ತಿ, ಉಳಿಯದೆ ಹೋದ ಕೂಸುಗಳು ಎಲ್ಲವೂ ಹೊರಬರುತ್ತವೆ. ಖಾತೆ ಬದಲಾವಣೆಗೆಂದು ಮಾಡಿಸಿದ ವಂಶವೃಕ್ಷದಲ್ಲಿ ಆ ಕೂಸುಗಳು ಸಾಮಾನ್ಯವಾಗಿ ಇರುವುದಿಲ್ಲ.

ಆಮೇಲೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿರುತ್ತಾರೆ, ಕೆಲವದರಲ್ಲಿ ತಾರೀಕೂ ಇರುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಕಿಗೆ ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಕೊಡವನ್ನು ಅಜ್ಜಿಯ ಕೈಗೇ ಕೊಟ್ಟು "ಇದು ಯಾರ ಮದುವೇದು?" ಅನ್ನಿ.

ಕಾಲ ಗೊತ್ತು ಮಾಡಲು ಸಂವತ್ಸರ ಕೇಳಿ. ಹಳೆಯ ಲಗ್ನಪತ್ರಿಕೆ, ಜಾತಕಗಳಲ್ಲೂ ಅದೇ ಇರುತ್ತದೆ. ಸರ್ವಜಿತು ಎಂದರೆ 1947ರ ಯುಗಾದಿಯಿಂದ 1948ರ ಯುಗಾದಿವರೆಗೆ. ಗಾಂಧೀಜಿ ತೀರಿಕೊಂಡ ಜನವರಿಯೂ ಅದರೊಳಗೇ. ವಿಕೃತಿ ಎಂದರೆ 1950-51. ಅರವತ್ತು ವರ್ಷಕ್ಕೆ ಹೆಸರು ಮರಳುವುದರಿಂದ ಅದು 1890 ಕೂಡ ಆಗಬಹುದು, ತಲೆಮಾರು ನೋಡಿ ತೀರ್ಮಾನಿಸಿ. "ಧಾತು ಈಶ್ವರ ಬರ" ಎಂಬ ಮಾತು ಬಂದರೆ ಅದು 1876-78ರ ಬರ. ಸಂವತ್ಸರ ಗೊತ್ತಿಲ್ಲದಿದ್ದರೆ "ಏಕೀಕರಣದ ಹೊತ್ತಿಗೆ ಮದುವೆ ಆಗಿತ್ತಾ? ಯಾವ ಮಗು ಸೊಂಟದ ಮೇಲಿತ್ತು?" ಅನ್ನಿ. ದಾಖಲೆಯಲ್ಲಿ ಜೂನ್ 1 ಹುಟ್ಟಿದ ದಿನವೆಂದಿದ್ದರೆ ನಂಬಬೇಡಿ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಬರೆದದ್ದಿರಬಹುದು.

ಹೆಚ್ಚು ಎಡವುವುದು ಸಂಬಂಧಗಳಲ್ಲಿ. ಅಜ್ಜಿ "ಅತ್ತೆ" ಎಂದಾಗ ಅದು ಗಂಡನ ತಾಯಿಯೋ, ಅಪ್ಪನ ತಂಗಿಯೋ, ಮಾವನ ಹೆಂಡತಿಯೋ? ಸೋದರಮಾವನನ್ನೇ ಮದುವೆಯಾದ ಮನೆಗಳಲ್ಲಿ ಅಜ್ಜಿಯೇ ಅತ್ತೆಯೂ ಆಗಿರುತ್ತಾರೆ. ತಾತನ ಹೆಸರನ್ನು ಮೊಮ್ಮಗನಿಗಿಡುವುದರಿಂದ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರು ಬರುತ್ತದೆ. ಹಾಗಾಗಿ ಪ್ರತಿ ಹೆಸರಿನ ಮುಂದೆ "ಇಂಥವರ ಮಗ, ಇಂಥವರ ಗಂಡ" ಎಂದು ಬರೆಯಲೇಬೇಕು.

ಮಧ್ಯಾಹ್ನ ಮಲಗೆದ್ದು ಕಾಫಿ ಕುಡಿದ ಮೇಲೆ ಮುಕ್ಕಾಲು ಗಂಟೆ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮಡಿಸಿದ ಟವೆಲ್ ಮೇಲೆ ಒಂದು ಮೊಳ ದೂರದಲ್ಲಿಡಿ, ಫ್ಯಾನ್ ಆರಿಸಿ. ರೆಕಾರ್ಡ್ ಮಾಡುತ್ತಿದ್ದೇನೆಂದು ಮೊದಲೇ ಹೇಳಿ. ನಡುವೆ ಬಾಯಿ ಹಾಕುವ ದೊಡ್ಡಪ್ಪನನ್ನು ಬೇರೆ ದಿನ ಕೂರಿಸಿ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಹೇಳಿದವರ ಹೆಸರಿನೊಡನೆ ಬರೆಯಿರಿ. ಆಸ್ತಿ ಪಾಲು, ಎರಡನೇ ಸಂಬಂಧದ ಮಾತು ಬಂದಾಗ ಅವರು ನಿಲ್ಲಿಸು ಎಂದರೆ ನಿಲ್ಲಿಸಿ. ಮನೆಯವರ ವಾಟ್ಸಾಪ್ ಗುಂಪಿಗಂತೂ ಹಾಕಬೇಡಿ.

ಉತ್ತರ ಕರ್ನಾಟಕದ ಕಡೆಯವರಾಗಿದ್ದರೆ ಹೆಳವರು ನಿಮ್ಮೂರಿಗೆ ಬರುತ್ತಾರಾ ವಿಚಾರಿಸಿ. ಮನೆತನಗಳ ವಂಶಾವಳಿ ಒಪ್ಪಿಸುವುದೇ ಅವರ ಕುಲಕಸುಬು. ಅವರು ಬಂದ ದಿನ ಅಜ್ಜಿಯನ್ನೂ ಜಗಲಿಗೆ ಕರೆತಂದು ಕೂರಿಸಿ. ಅವರು ಒಪ್ಪಿಸುವ ಒಂದೊಂದು ಹೆಸರಿಗೂ ಅಜ್ಜಿ ಏನು ಹೇಳುತ್ತಾರೋ ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ.