ಫಲ ಕಾಣದ ಅಧ್ಯಯನವೂ ಅಚ್ಚಾಗಬೇಕು

ವಿಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಇಲ್ಲೇ ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ಮುಗಿಸಿದ್ದಾಳೆ. ಖಿನ್ನತೆ ಇರುವ 40 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ ಜೊತೆ ಆರು ವಾರ ಉಸಿರಾಟದ ಅಭ್ಯಾಸ ಮಾಡಿಸಿದಳು. ಕೊನೆಗೆ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. 'ಇದನ್ನ ಯಾರು ಹಾಕ್ತಾರೆ, ಬಿಟ್ಹಾಕು' ಅಂದರಂತೆ ಗೈಡ್. ಈಗ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. 9,000 ರೂಪಾಯಿ ಕೊಟ್ಟರೆ ಮೂರೇ ದಿನದಲ್ಲಿ ಹಾಕ್ತಾರಂತೆ. ಕಟ್ಟಿಬಿಡಲಾ?"

ಸರ್, ದಯವಿಟ್ಟು ಕಟ್ಟಬೇಡಿ. ಹಾಗಂತ ಮಗಳ ಕೆಲಸವನ್ನು ಬಿಟ್ಟುಹಾಕುವುದೂ ಬೇಡ.

ಮೊದಲು ಗೈಡ್ ಮಾತು. ಫಲ ಸಿಕ್ಕಿದ ಅಧ್ಯಯನ ಮಾತ್ರ ಅಚ್ಚಾಗಿ, ಸಿಗದಿದ್ದು ಬೀರು ಸೇರಿದರೆ ಏನಾಗುತ್ತೆ ಅನ್ನೋದಕ್ಕೆ ಲೆಕ್ಕವೇ ಇದೆ. ಖಿನ್ನತೆಗೆ ಮಾತಿನ ಚಿಕಿತ್ಸೆ ಎಷ್ಟು ಉಪಯೋಗ ಎಂದು ನೋಡಲು ಅಮೆರಿಕದ ಸರ್ಕಾರಿ ಅನುದಾನದಲ್ಲಿ 1972ರಿಂದ 2008ರವರೆಗೆ ಶುರುವಾದ 55 ಪ್ರಯೋಗಗಳನ್ನು ಕೆಲವು ಸಂಶೋಧಕರು ಹುಡುಕಿ ತೆಗೆದರು. ಅದರಲ್ಲಿ 13 ಎಲ್ಲೂ ಪ್ರಕಟವೇ ಆಗಿರಲಿಲ್ಲ. ಅವರು ಆ ತಂಡಗಳನ್ನೇ ಕೇಳಿ, ಸಿಕ್ಕಷ್ಟು ಅಂಕಿಅಂಶ ತರಿಸಿಕೊಂಡು, ಪ್ರಕಟವಾದವುಗಳ ಜೊತೆ ಸೇರಿಸಿ ಲೆಕ್ಕ ಹಾಕಿದರು. ಚಿಕಿತ್ಸೆಯ ಪರಿಣಾಮ ಕಾಲು ಭಾಗದಷ್ಟು ಇಳಿಯಿತು. 2015ರಲ್ಲಿ ಇದು ಪ್ರಕಟವಾಯಿತು. ಮಾತಿನ ಚಿಕಿತ್ಸೆಯಿಂದ ಉಪಯೋಗವಿಲ್ಲ ಅಂತ ಇದರರ್ಥ ಅಲ್ಲ, ಖಂಡಿತ ಇದೆ. ಆದರೆ ನಾವು ಅಂದುಕೊಂಡಷ್ಟಿಲ್ಲ. ಮಾತ್ರೆಗಳ ಕತೆಯೂ ಬೇರೆ ಅಲ್ಲ. ಅಮೆರಿಕದ ಔಷಧ ಇಲಾಖೆಗೆ ಸಲ್ಲಿಕೆಯಾಗಿದ್ದ ಖಿನ್ನತೆಯ ಔಷಧಗಳ 74 ಪ್ರಯೋಗಗಳಲ್ಲಿ ಒಳ್ಳೆಯ ಫಲ ಬಂದಿದ್ದು 38. ಒಂದು ಬಿಟ್ಟು ಅವೆಲ್ಲ ಅಚ್ಚಾದವು. ಉಳಿದ 36ರಲ್ಲಿ 22 ಬೆಳಕನ್ನೇ ಕಾಣಲಿಲ್ಲ. 2008ರಲ್ಲಿ ಇದು ಹೊರಬಿತ್ತು.

ಹೊಸೂರು ರಸ್ತೆಯ ನಿಮ್ಹಾನ್ಸ್ ಓಪಿಡಿ ಮುಂದೆ ಬೆಳಿಗ್ಗೆ ಹೋಗಿ ನೋಡಿ. ಯಾವ್ಯಾವುದೋ ಜಿಲ್ಲೆಯಿಂದ ರಾತ್ರಿ ಬಸ್ ಹಿಡಿದು ಬಂದವರು ಫೈಲ್ ಹಿಡಿದು ಕೂತಿರ್ತಾರೆ. ಅಂಥವರಿಗೆ ಆರು ವಾರ ಒಂದು ಅಭ್ಯಾಸ ಮಾಡಿಸಬೇಕಾ ಬೇಡ್ವಾ ಅಂತ ತೀರ್ಮಾನ ಮಾಡುವವರಿಗೆ ನಿಮ್ಮ ಮಗಳ ಉತ್ತರವೂ ಬೇಕು. ಆ 40 ಜನ ತಮ್ಮ ಸಂಕಟ ಹೇಳಿಕೊಂಡು, ಸಹಿ ಹಾಕಿ, ಸಮಯ ಕೊಟ್ಟಿದ್ದಾರೆ. ಅದನ್ನು ಬೀರುವಿನಲ್ಲಿ ಇಟ್ಟರೆ ಅವರಿಗೆ ಮೋಸ ಮಾಡಿದಂತೆ. ನನಗೆ ಇದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಎಚ್ಚರಿಕೆ. "ಉಸಿರಾಟದ ಅಭ್ಯಾಸದಿಂದ ಪ್ರಯೋಜನ ಇಲ್ಲ" ಅಂತ ಬರೆಯುವ ಹಾಗಿಲ್ಲ. ಎರಡು ಗುಂಪುಗಳ ನಡುವಿನ ಮಧ್ಯಮ ಮಟ್ಟದ ವ್ಯತ್ಯಾಸವನ್ನು ನೂರರಲ್ಲಿ 80 ಸಲವಾದರೂ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲಿ ಸುಮಾರು 64 ಜನ ಬೇಕು. ಇಲ್ಲಿದ್ದವರು 20. ಬಲೆಯ ಕಣ್ಣು ದೊಡ್ಡದಿದ್ದರೆ ಸಣ್ಣ ಮೀನು ಜಾರಿಹೋಗುತ್ತೆ, ಅಲ್ವಾ? ಅದನ್ನೇ ನೇರವಾಗಿ ಬರೆಯಲಿ. ಮುಂದೆ ಯಾರಾದರೂ ಇಂಥ ಸಣ್ಣ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಲೆಕ್ಕ ಹಾಕುವಾಗ ಈ 40 ಜನರೂ ಅದರಲ್ಲಿ ಸೇರುತ್ತಾರೆ. ಮಧ್ಯದಲ್ಲಿ ಬಿಟ್ಟುಹೋದವರು ಎಷ್ಟು, ಪ್ರಶ್ನಾವಳಿಯ ಕನ್ನಡ ರೂಪವನ್ನು ಮೊದಲು ಪರೀಕ್ಷಿಸಿದ್ದರಾ, ಅಂಕ ಹಾಕಿದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿತ್ತಾ? ಅಚ್ಚಿಗೆ ಮುಂಚೆ ಲೇಖನವನ್ನು ಜರ್ನಲ್ ಪರವಾಗಿ ಪರೀಕ್ಷಿಸುವ ಒಳ್ಳೆಯ ವಿಮರ್ಶಕರು ಇವನ್ನೆಲ್ಲ ಕೇಳೇ ಕೇಳ್ತಾರೆ. ಇಂಥ ಪ್ರಯೋಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಸಿಟಿಆರ್‌ಐ ಎಂಬ ಚಿಕಿತ್ಸಾ ಪ್ರಯೋಗಗಳ ಪಟ್ಟಿಯಲ್ಲಿ ಮೊದಲ ರೋಗಿ ಸೇರುವ ಮುಂಚೆಯೇ ನೋಂದಾಯಿಸಬೇಕು. ರೋಗಿಗಳು ಸೇರಿದ ಮೇಲೆ ಮಾಡಿಸಲು ಹೋದರೆ 2018ರ ಏಪ್ರಿಲ್‌ನಿಂದ ಒಪ್ಪುತ್ತಿಲ್ಲ. ನೋಂದಣಿ ಆಗಿದ್ದರೆ ಆ ನಂಬರ್ ಹಾಕಲಿ. ಆಗಿಲ್ಲದಿದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ.

ಇನ್ನು ಆ ಮೇಲ್. ಇಂಥವನ್ನು ನಾನೂ ನೋಡಿದ್ದೇನೆ. ಈಗಷ್ಟೇ ಓದು ಮುಗಿಸಿದವರನ್ನು "ಮಹಾನ್ ಪ್ರೊಫೆಸರ್" ಅಂತ ಕರೆಯುತ್ತದೆ. ಒಂದೇ ಜರ್ನಲ್‌ನಲ್ಲಿ ಕೃಷಿ, ಹಲ್ಲು, ಮನಸ್ಸು ಎಲ್ಲಾ ಇರುತ್ತದೆ. ವಿಮರ್ಶೆಯನ್ನು ಸರಿಯಾಗಿ ಮಾಡಿದರೆ ಮೂರು ದಿನದಲ್ಲಿ ಮುಗಿಯುವುದಿಲ್ಲ. ವಿಮರ್ಶೆ ಮಾಡುತ್ತೇವೆಂದು ಸುಳ್ಳು ಹೇಳಿ, ಶುಲ್ಕ ಮುಚ್ಚಿಟ್ಟು ಲೇಖಕರಿಂದ ಹಣ ಕಿತ್ತಿದ್ದಕ್ಕೆ ಹೈದರಾಬಾದ್ ಮೂಲದ ಪ್ರಕಾಶನವೊಂದರ ಮೇಲೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಮೀರಿದ ತೀರ್ಪು ಕೊಟ್ಟಿದೆ. ದುಡ್ಡು ಹೋದರೆ ಹೋಗಲಿ ಅನ್ನಬಹುದು. ಆದರೆ ಅಲ್ಲಿ ಒಮ್ಮೆ ಅಚ್ಚಾದ ಲೇಖನವನ್ನು ಒಳ್ಳೆಯ ಜರ್ನಲ್ ಮತ್ತೆ ತೆಗೆದುಕೊಳ್ಳುವುದಿಲ್ಲ. ವಾಪಸ್ ಕೇಳಿದರೆ ಅದಕ್ಕೂ ದುಡ್ಡು ಕೇಳುವವರಿದ್ದಾರೆ.

ಪಿಎಚ್.ಡಿ.ಗೆ ಪೇಪರ್ ಬೇಕೇ ಬೇಕು ಅನ್ನೋ ಅವಸರ ಇದ್ದರೆ, ಆ ಕಡ್ಡಾಯವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಕೇಳಿ ನೋಡಲಿ.

ಮನೋವೈದ್ಯರ ಸಂಘದ ದಕ್ಷಿಣ ವಲಯ ನಡೆಸುವ 'ಇಂಡಿಯನ್ ಜರ್ನಲ್ ಆಫ್ ಸೈಕಲಾಜಿಕಲ್ ಮೆಡಿಸಿನ್' ಥರದ್ದನ್ನು ಮಗಳು ಮೊದಲು ನೋಡಲಿ. ಹೊಸ ಹೆಸರಿನ, ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದಾದ ಮುಕ್ತ ಜರ್ನಲ್ ಆದರೆ, ಅಂಥ ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸುವ ಡಿಓಎಜೆ ಪಟ್ಟಿಯಲ್ಲಿ ಇದೆಯಾ ಅಂತ ಹುಡುಕಲಿ. ಸಂಪಾದಕ ಮಂಡಳಿಯ ಒಬ್ಬಿಬ್ಬರಿಗೆ ಬರೆದು, ನಿಜವಾಗಿಯೂ ಅಲ್ಲಿದ್ದೀರಾ ಅಂತ ಕೇಳಿದರೂ ತಪ್ಪಿಲ್ಲ. ಒಂದು ಸಲಕ್ಕೆ ಒಂದೇ ಜರ್ನಲ್‌ಗೆ ಕಳಿಸಬೇಕು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಗೈಡ್ ಹೆಸರೂ ಲೇಖಕರ ಸಾಲಿನಲ್ಲಿ ಬರುವುದಾದರೆ ಅವರ ಒಪ್ಪಿಗೆ ಬೇಕಾಗುತ್ತದೆ. ಅದಕ್ಕೆ ಮೊದಲು ಅವರ ಹತ್ತಿರವೇ ಮಾತಾಡಲಿ. ಈ ಉತ್ತರವನ್ನು ಜೊತೆಗೆ ತೆಗೆದುಕೊಂಡು ಹೋದರೂ ಸರಿ.